ಪೆನ್ನಿನ ಟ್ಯಾಬು

ಕಾರಟಗಿಯ ಮಾರುಕಟ್ಟೆಯಲ್ಲಿ ಮೂವತ್ತೆಂಟು ವರ್ಷ ಸವಾಲು ಕೂಗಿದ ಈಶಪ್ಪನಿಗೆ ಗಂಟಲಿನ ಕ್ಯಾನ್ಸರ್ ಆಗಿ, ಶ್ರಾವಣದಲ್ಲಿ ಹುಬ್ಬಳ್ಳಿಯ ಡಾಕ್ಟರು ಅವನ ದನಿಪೆಟ್ಟಿಗೆಯನ್ನೇ ತೆಗೆದುಹಾಕಿದರು. ಭತ್ತದ ರಾಶಿಯ ಮುಂದೆ ನಿಂತು, ಸುತ್ತ ನಿಂತ ವ್ಯಾಪಾರಿಗಳ ಕಣ್ಣು ನೋಡುತ್ತ, ದರವನ್ನು ಐದೈದು ರೂಪಾಯಿ ಏರಿಸಿ ಕೂಗಿ ಹರಾಜು ಮುಗಿಸುವುದು ಅವನ ಕೆಲಸವಾಗಿತ್ತು. ಅವನು ಕೂಗಿದರೆ ಬಸ್ ಸ್ಟ್ಯಾಂಡಿನಲ್ಲಿ ಮಲಗಿದವರು ಎದ್ದು ಕೂಡುತ್ತಾರೆ ಎಂದು ಊರವರು ಚೇಷ್ಟೆ ಮಾಡುತ್ತಿದ್ದರು. ಈಗ ಕುತ್ತಿಗೆಯ ಬುಡದಲ್ಲಿ ಉಸಿರಾಡಲು ಒಂದು ತೂತು, ಅದರ ಮೇಲೊಂದು ಬಿಳಿ ಅರಿವೆ. ಪಿಸುಮಾತೂ ಬರುವುದಿಲ್ಲ. ನಕ್ಕರೆ ಭುಜ ಕುಣಿಯುತ್ತವೆ, ಸದ್ದು ಮಾತ್ರ ಇಲ್ಲ.

"ಜೀವ ಉಳೀತಲ್ಲ, ಅಷ್ಟ ಸಾಕು" ಎಂದು ನೋಡಲು ಬಂದವರೆಲ್ಲ ಹೇಳಿ, ಚಾ ಕುಡಿದು, ಬಾಳೆಹಣ್ಣಿಟ್ಟು ಹೋದರು. ಹೆಂಡತಿ ಶಂಕ್ರಮ್ಮ ಅವರ ಮಾತಿಗೆ ತಲೆಯಾಡಿಸಿದಳು. ಆದರೆ ಅವಳಿಗೆ ಅಷ್ಟು ಸಾಕಾಗಿರಲಿಲ್ಲ.

ಶಂಕ್ರಮ್ಮ ಹುಲಿಹೈದರದ ಹೆಣ್ಣುಮಗಳು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಅಂಕಿಗಳ ಗುರುತು ಹಿಡಿಯುತ್ತಾಳೆ, ಅಕ್ಷರ ಒಂದೂ ಗೊತ್ತಿಲ್ಲ. ಮಾರುಕಟ್ಟೆಯ ಗೇಟಿನೊಳಗೆ ಒಮ್ಮೆಯೂ ಕಾಲಿಟ್ಟವಳಲ್ಲ. ಆದರೂ ಯಾವ ವ್ಯಾಪಾರಿ ದರ ಕೇಳುವಾಗ ಮೀಸೆ ಮುಟ್ಟಿಕೊಳ್ಳುತ್ತಾನೆ, ಯಾರು ರಾಶಿಯ ತಳಕ್ಕೆ ಹಸಿ ಭತ್ತ ಸೇರಿಸಿ ಸಿಕ್ಕಿಬಿದ್ದರು, ಹಮಾಲ ಓಬಳೆಪ್ಪ ಯಾರ ಮೇಲೆ ಸಿಟ್ಟಾಗಿ ಬುತ್ತಿ ಬಿಟ್ಟ, ಎಲ್ಲ ಅವಳಿಗೆ ಗೊತ್ತು. ಮಧ್ಯಾಹ್ನ ಮೂರಕ್ಕೆ ಈಶಪ್ಪ ಮನೆಗೆ ಬಂದು, ಕಾಲು ತೊಳೆದು, ಅಡುಗೆಮನೆಯ ಬಾಗಿಲಿಗೆ ಬೆನ್ನು ಕೊಟ್ಟು ಕೂತು, ಉಣ್ಣುತ್ತ ಉಣ್ಣುತ್ತ ಅಷ್ಟನ್ನೂ ಹೇಳುತ್ತಿದ್ದ. ಒಬ್ಬೊಬ್ಬರ ದನಿ ಮಾಡಿ ತೋರಿಸುತ್ತಿದ್ದ. ಅವಳು ನಡುನಡುವೆ "ಆಮ್ಯಾಲೆ?" ಎನ್ನುತ್ತ ಬಿಸಿ ರೊಟ್ಟಿ ಹಾಕುತ್ತಿದ್ದಳು. ಟೀವಿಯ ಧಾರಾವಾಹಿ ಅವಳಿಗೆ ಬೇಕಿರಲಿಲ್ಲ. ಅದರೊಳಗಿನವರು ಯಾರೂ ತನ್ನ ಗುರುತಿನವರಲ್ಲ ಎನ್ನುತ್ತಿದ್ದಳು.

ಡಾಕ್ಟರು ಗಂಟಲಿಗೆ ಒತ್ತಿ ಹಿಡಿದು ಮಾತಾಡುವ ಒಂದು ಮಷೀನು ತೋರಿಸಿದ್ದರು. ಅದರಿಂದ ಹೊರಟ ಗರಗರ ದನಿ ಕೇಳಿ ಈಶಪ್ಪ ಅದನ್ನು ಮೇಜಿನ ಮೇಲೆ ವಾಪಸಿಟ್ಟು ಎದ್ದು ಬಂದಿದ್ದ. ಹಾಗಾಗಿ ಮಗ ಪ್ರಭುರಾಜ ಮಕ್ಕಳು ಬರೆಯುವ, ಸ್ಲೇಟಿನಂಥ ಎಲೆಕ್ಟ್ರಿಕ್ ಪಾಟಿಯೊಂದನ್ನು ತಂದ. ಪ್ರಭುರಾಜನಿಗೆ ಗೊಬ್ಬರದ ಅಂಗಡಿ. ಯಾವುದು ಎಷ್ಟಕ್ಕೆ ಅಗ್ಗ ಸಿಗುತ್ತದೆ ಎಂಬುದರಲ್ಲಿ ಅವನ ತಲೆ ಚುರುಕು.

"ಕಡ್ಡೀಲೆ ಬರಿ, ಕೆಳಗಿನ ಗುಂಡಿ ಒತ್ತು, ಎಲ್ಲಾ ಅಳಸ್ತೈತಿ. ಬಳಪ ಬ್ಯಾಡ, ಅರಿವಿ ಬ್ಯಾಡ. ಮುನ್ನೂರಾ ಐವತ್ತು ರೂಪಾಯಿ ನೋಡಪ್ಪ," ಎಂದು ತಾನೇ ಕಂಡುಹಿಡಿದವನ ಹಾಗೆ ಹೇಳಿದ.

ಸೊಸೆ ಶಾಂಭವಿ ಖಾಸಗಿ ಶಾಲೆಯೊಂದರಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುವವಳು. ಅಕ್ಷರ ಕಣ್ಣಿಗೆ ಬಿದ್ದರೆ ಗಟ್ಟಿಯಾಗಿ ಓದಿಬಿಡುವುದು ಅವಳ ರೂಢಿ. ಪಾಟಿ ಬಂದ ಮೇಲೆ ಬೆಳಿಗ್ಗೆ ಸಂಜೆ ಮನೆಯಲ್ಲಿ ಒಂದು ತರಗತಿಯೇ ನಡೆಯತೊಡಗಿತು.

"ಪಲ್ಲೆಕ್ಕ ಉಪ್ಪು ಕಮ್ಮಿ ಅಂತ್ರಿ ಅತ್ತಿ!"

"ಕಮ್ಮಿ ಇಲ್ಲ ಅನ್ನು. ಅವರ ನಾಲಿಗಿ ಕೆಟ್ಟೈತಿ."

"ಕೆಟ್ಟಿದ್ದು ಗಂಟಲ, ನಾಲಿಗಿ ಹಂಗ ಐತಿ ಅಂತ ಬರದಾರ್ರಿ."

ಎಂಟನೇ ತರಗತಿಯ ಮೊಮ್ಮಗಳು ಮೇಘಾ ಬಿದ್ದು ಬಿದ್ದು ನಕ್ಕಳು. ಈಶಪ್ಪನ ಭುಜಗಳೂ ಕುಣಿದವು. ಶಂಕ್ರಮ್ಮ ಸಿಟ್ಟಿನ ಮುಖ ಮಾಡಿ ಉಪ್ಪಿನ ಡಬ್ಬಿ ತಂದಿಟ್ಟಳು. ಆಪರೇಷನ್ ಆದಮೇಲೆ ಮನೆಯಲ್ಲಿ ನಗು ಕೇಳಿದ್ದು ಅವತ್ತೇ ಮೊದಲು.

ಒಂಬತ್ತಕ್ಕೆ ಮೂವರೂ ಹೊರಟುಹೋದರೆ ಮನೆಯಲ್ಲಿ ಉಳಿಯುವವರು ಇವರಿಬ್ಬರು. ಆಗ ಪಾಟಿಯನ್ನು ಓದಿ ಹೇಳುವವರಿಲ್ಲ. ಅದಕ್ಕೂ ಈಶಪ್ಪ ಒಂದು ದಾರಿ ಹುಡುಕಿದ. ನಿಧಾನವಾಗಿ ಮಾರುಕಟ್ಟೆಯ ತನಕ ನಡೆದುಹೋಗಿ ಬಂದು, ಪಾಟಿಯ ಮೇಲೆ ಬರೀ ಅಂಕಿ ಬರೆಯುತ್ತಿದ್ದ.

"ಎರಡು ಸಾವಿರದ ಮುನ್ನೂರಾ ಹತ್ತು! ಇವತ್ತಿಂದೇನ್ರಿ? ಸೋನಾ ಭತ್ತನ?"

ಅವನು ತಲೆಯಾಡಿಸುತ್ತಿದ್ದ.

"ಯಾರು ಹಿಡದ್ರು? ಮೀಸಿ ಮುಟ್ಕೊಳ್ಳಾವೇನು?"

ಅವನು ಮೀಸೆ ಮುಟ್ಟಿಕೊಂಡು ತೋರಿಸುತ್ತಿದ್ದ. ಹೀಗೆ ಅವಳು ಕೇಳುತ್ತ ಅವನು ತಲೆ ಆಡಿಸುತ್ತ ಒಂದು ತಾಸು ಕಳೆಯುತ್ತಿತ್ತು. ಅವನ ಮಾತಿನ ಅರ್ಧವನ್ನೂ ಈಗ ಅವಳೇ ಆಡಬೇಕಿತ್ತು. ಆದರೂ ಅದು ಅವರ ಮಾತೇ ಆಗಿತ್ತು.

ಕೆಟ್ಟದ್ದು ರಾತ್ರಿಯ ಊಟದ ಹೊತ್ತಿನಲ್ಲಿ. ಐದು ಜನ ಕೂಡಿ ಉಣ್ಣುವಾಗ ಮಾತು ಒಬ್ಬರ ಬಾಯಿಂದ ಇನ್ನೊಬ್ಬರಿಗೆ ಹಾರುತ್ತದೆ. ಈಶಪ್ಪ ರೊಟ್ಟಿಯ ಕೈ ಒರೆಸಿಕೊಂಡು, ಕಡ್ಡಿ ತಗೊಂಡು, ಒಂದು ಸಾಲು ಬರೆಯುವಷ್ಟರಲ್ಲಿ ಮಾತು ಬೇರೆಲ್ಲೋ ಹೋಗಿರುತ್ತಿತ್ತು. ಮೇಘಾಳ ಪರೀಕ್ಷೆಯ ಮಾತು ನಡೆದಾಗ ಅವನ ಪಾಟಿ ಅದಕ್ಕೆ ಮೊದಲು ನಡೆದ ಡ್ಯಾಮಿನ ನೀರಿನ ಮಾತಿಗೆ ಉತ್ತರ ಹೇಳುತ್ತಿತ್ತು. ಯಾರೂ ಬೇಕೆಂದು ಹಾಗೆ ಮಾಡುತ್ತಿರಲಿಲ್ಲ.

ದಸರೆ ಮುಗಿದ ವಾರ ಪ್ರಭುರಾಜ ಉಣ್ಣುತ್ತ ಹೇಳಿದ: "ಅಪ್ಪಾ, ಗೊಬ್ಬರದ ಲೋಡ್ ಬರತೈತಿ. ಗೋದಾಮಿನ್ಯಾಗ ಜಾಗ ಇಲ್ಲ. ಎರಡನೇ ಬೆಳಿ ನಾಟಿ ಆಗೂತನಕ ಚೀಲ ಪಡಸಾಲ್ಯಾಗ ಇಡೋಣ. ನಿನ್ನ ಮಂಚ ಒಳಗ ಹಾಕಿದ್ರಾತು."

ಪಡಸಾಲೆಯ ಮಂಚದಲ್ಲಿ ಕೂತರೆ ಬೀದಿ ಕಾಣುತ್ತದೆ, ಹೋಗಿಬರುವವರು ಕೈ ಎತ್ತುತ್ತಾರೆ. ಈಶಪ್ಪನಿಗೆ ಉಳಿದದ್ದು ಅದೊಂದೇ. ಅವನು ಲಗುಬಗೆಯಿಂದ ಬರೆಯತೊಡಗಿದ.

"ವಾಸ್ನಿ ಬರತೈತಲ್ರಿ," ಎಂದಳು ಶಾಂಭವಿ.

"ಎರಡು ತಿಂಗಳ ಮಾತು. ಕಿಟಕಿ ತಗದಿಟ್ರ ಆತು."

"ಪಪ್ಪಾ, ನನ್ನ ಸೈಕಲ್ ಎಲ್ಲಿಡ್ಲಿ?"

"ಹಿತ್ತಲದಾಗ ಇಡು. ಹಂಗಾರ ದೀಪಾವಳಿ ಆದ ಸೋಮವಾರ ಮಂಚ ತಗಿಯೋಣ."

ಆಗ ಈಶಪ್ಪ ಪಾಟಿ ಎತ್ತಿದ. ತುಂಬ ಬರೆದಿದ್ದ, ಮೇಲಿನಿಂದ ಕೆಳಗಿನವರೆಗೆ ಏಳೆಂಟು ಸಾಲು. ಪ್ರಭುರಾಜ ಕೈ ಚಾಚಿ ಇಸಿದುಕೊಳ್ಳುವಾಗ ಅವನ ಹೆಬ್ಬೆರಳು ಗುಂಡಿಯ ಮೇಲೆ ಬಿತ್ತು. ಪಾಟಿ ಕಪ್ಪಗಾಯಿತು.

"ಅಯ್ಯ... ಇನ್ನೊಮ್ಮೆ ಬರಿಯಪ್ಪ," ಎಂದ ಪ್ರಭುರಾಜ.

ಈಶಪ್ಪ ಪಾಟಿಯನ್ನು ಕಿತ್ತುಕೊಂಡು ಗೋಡೆಗೆ ಬೀಸಿ ಒಗೆದ. ತಟ್ಟೆ ಬಿಟ್ಟು ಎದ್ದುಹೋದ.

"ಮಾತಾಡೂ ಮನಿಷಾನ ಬಾಯಿಗೆ ಗುಂಡಿ ಕುಂಡ್ರಸೀರಿ," ಎಂದಳು ಶಂಕ್ರಮ್ಮ. "ಯಾರ ಬೇಕಾದ್ರೂ ಒತ್ತಿ ಸುಮ್ನ ಕೂಡಸಬಹುದು."

"ಅವ್ವಾ, ನಾ ಬೇಕಂತ ಒತ್ತೀನೇನು?"

"ಅಳಿಸಿ ಹೋಗದಂಥಾದ್ದು ತಗೊಂಡ ಬಾ."

"ಮೊಬೈಲ್ ಐತಲ್ಲ, ಅದರಾಗ ಒತ್ತಿ ಬರೀಲಿ."

"ಮಾವಾರ ಬೆರಳಿಗೆ ಆ ಸಣ್ಣ ಅಕ್ಷರ ಸಿಗಂಗಿಲ್ರಿ," ಎಂದು ಶಾಂಭವಿ ನಡುವೆ ಬಂದಳು. "ನಮ್ಮ ಹೆಡ್ ಮಿಸ್ ಹತ್ರ ಟ್ಯಾಬ್ ಐತಿ. ಪೆನ್ನಿಲೆ ಕೈಬರಹದಾಗ ಬರೀತಾರ, ಬರದದ್ದೆಲ್ಲಾ ಹಂಗ ಉಳಿತೈತಿ. ನೆಟ್ಟೂ ನೋಡ್ತಾರ, ಪೇಪರೂ ಓದ್ತಾರ."

"ನಿಮ್ಮ ಹೆಡ್ ಮಿಸ್ಸಿಗೆ ಗೊಬ್ಬರದ ಅಂಗಡೀಗೆ ರೊಕ್ಕ ಹಾಕೂದಿಲ್ಲ ಬಿಡು."

"ಅಂಗಡಿ ಇಟ್ಟುಕೊಟ್ಟಾವ್ರು ಯಾರಪ್ಪಾ?" ಎಂದಳು ಶಂಕ್ರಮ್ಮ. ಪ್ರಭುರಾಜ ಒಪ್ಪಿಕೊಂಡು ಕೈ ತೊಳೆಯಲು ಎದ್ದ.

ದೀಪಾವಳಿಗೆ ಮೊದಲಿನ ಭಾನುವಾರ ಐದು ಜನವೂ ಬಸ್ಸು ಹತ್ತಿ ಗಂಗಾವತಿಗೆ ಹೋದರು. ಮೊಬೈಲ್ ಅಂಗಡಿಯಲ್ಲಿ ಅನೀಸಾ ಎಂಬ ಹುಡುಗಿ ಸಾಮಾನು ತೋರಿಸುತ್ತಿದ್ದಳು.

"ಏನ್ ಮಾಡಾಕ ಬೇಕ್ರಿ ಅಜ್ಜಾರ? ಪಿಚ್ಚರ್ ನೋಡಾಕೋ, ಬರಿಯಾಕೋ?"

"ಮಾತಾಡಾಕ ಬೇಕವ್ವ," ಎಂದಳು ಶಂಕ್ರಮ್ಮ.

ಹುಡುಗಿ ಈಶಪ್ಪನ ಕುತ್ತಿಗೆಯ ಅರಿವೆ ನೋಡಿದಳು. ಮತ್ತೇನೂ ಕೇಳದೆ ಮೂರು ಡಬ್ಬಿ ಬಿಚ್ಚಿ ಗಾಜಿನ ಮೇಲೆ ಇಟ್ಟಳು. ಒಂದು ಅಂಗೈ ಮೀರುವ ದೊಡ್ಡ ಮೊಬೈಲು. ಇನ್ನೊಂದು ಪೆನ್ನಿಲ್ಲದ ಟ್ಯಾಬು. ಬೇಕಾದರೆ ರಬ್ಬರ್ ತುದಿಯ ಕಡ್ಡಿಯೊಂದನ್ನು ಪುಕ್ಕಟೆ ಕೊಡುತ್ತಾರಂತೆ. ಮೂರನೆಯದು ಪೆನ್ನು ಸಮೇತ ಬರುವ ಟ್ಯಾಬು, ಎರಡನೆಯದರ ಎರಡರಷ್ಟು ಬೆಲೆ.

ಈಶಪ್ಪ ಸವಾಲಿಗೆ ಬಂದ ಭತ್ತ ನೋಡುವವನ ಹಾಗೆ ಒಂದೊಂದನ್ನೂ ಕೈಯಲ್ಲಿ ಹಿಡಿದು ತೂಗಿದ. ಮೊಬೈಲಿನಲ್ಲಿ ನಾಲ್ಕು ಅಕ್ಷರ ಬರೆಯುವಷ್ಟರಲ್ಲಿ ಜಾಗ ಮುಗಿಯಿತು. ಎರಡನೆಯದರಲ್ಲಿ ಅಕ್ಷರ ಅವನ ಕೈಗಿಂತ ಸ್ವಲ್ಪ ತಡವಾಗಿ ಮೂಡುತ್ತಿತ್ತು, ಅಂಗೈ ತಾಗಿದಲ್ಲೆಲ್ಲ ಗೀಟು ಬೀಳುತ್ತಿತ್ತು. ಮೂರನೆಯದರ ಮೇಲೆ ಪೆನ್ನಿಟ್ಟವನು ಒಂದೇ ಉಸಿರಿಗೆ ಒಂದು ಸಾಲು ಬರೆದು ಹುಡುಗಿಯ ಕಡೆ ತಿರುಗಿಸಿದ. ಅವಳು ಓದಿ ನಕ್ಕಳು.

"ಕಡಿಮಿ ಮಾಡಿ ಹೇಳು ಮಗಳ ಅಂತ ಬರದಾರ್ರಿ!"

ಆಮೇಲೆ ಅವಳು, "ಇದು ಓದಿ ಸೈತ ಹೇಳತೈತ್ರಿ, ಕೇಳ್ರಿ" ಎಂದು ಎಲ್ಲೋ ಒತ್ತಿದಳು. ಟ್ಯಾಬಿನೊಳಗಿಂದ ಒಬ್ಬ ಹುಡುಗಿ ಬೆಂಗಳೂರಿನ ಕಡೆಯ ಕನ್ನಡದಲ್ಲಿ, ಉಸಿರು ತಗೊಳ್ಳದೆ, ಪೇಪರಿನ ಸುದ್ದಿಯೊಂದನ್ನು ಓದಿದಳು. ಈಶಪ್ಪ ಮುಖ ಗಂಟಿಕ್ಕಿ ಬರೆದ. ಶಾಂಭವಿ ಓದಿದಳು: "ಮೂವತ್ತೆಂಟು ವರ್ಷ ಕೂಗಿದ ಬಾಯಿ ನಂದು. ಅದರಾಗ ಈ ಹುಡುಗಿ ದನಿ ಬ್ಯಾಡ."

"ಆತ್ರಿ ಅಜ್ಜಾರ, ಬಂದ್ ಮಾಡ್ತೀನಿ," ಎಂದಳು ಅನೀಸಾ. ಶಂಕ್ರಮ್ಮನಿಗೂ ಸಮಾಧಾನವಾಯಿತು. ಗಂಡನ ಮಾತನ್ನು ಇನ್ನೊಬ್ಬ ಹೆಂಗಸಿನ ಬಾಯಿಂದ ಕೇಳುವ ಆಸೆ ಅವಳಿಗೆ ಇರಲಿಲ್ಲ.

"ಅಕ್ಷರ ಬೇಕಾದಷ್ಟು ದೊಡ್ಡವು ಮಾಡಬಹುದ್ರಿ. ಅಮ್ಮಾರ, ನೀವೂ ನೋಡ್ರಿ, ಕಾಣಸ್ತಾವ?"

"ಎಷ್ಟ್ ದೊಡ್ಡವು ಮಾಡಿದ್ರೂ ನನಗಷ್ಟ ಬಿಡವ. ನಾ ಸಾಲಿಗೆ ಹೋದಾಕಿ ಅಲ್ಲ," ಎಂದು ಶಂಕ್ರಮ್ಮ ನಕ್ಕಳು. ಎಲ್ಲರೂ ನಕ್ಕರು. ಆ ನಗುವಿನಲ್ಲಿ ಯಾರಿಗೂ ಏನೂ ಹೊಳೆಯಲಿಲ್ಲ.

ಪ್ರಭುರಾಜ ಎರಡನೆಯದನ್ನು ಮುಂದಕ್ಕೆ ಸರಿಸಿದ. "ಇದ ಸಾಕು. ಕಡ್ಡಿ ರೂಢಿ ಆಗತೈತಿ."

"ಪೆನ್ನಿದ್ದದ್ದು ತಗೋ," ಎಂದಳು ಶಂಕ್ರಮ್ಮ.

"ಅವ್ವಾ, ನಿನಗ ಗೊತ್ತಾಗಂಗಿಲ್ಲ, ಸುಮ್ಕಿರು."

ಶಂಕ್ರಮ್ಮ ಗಿರಾಕಿಗಳಿಗಿಟ್ಟ ಸ್ಟೂಲಿನ ಮೇಲೆ ಸೆರಗು ಹೊದ್ದು ಕೂತುಬಿಟ್ಟಳು. "ಪೆನ್ನಿದ್ದದ್ದು ಕೈಗೆ ಬರೂತನಕ ನಾ ಏಳಂಗಿಲ್ಲ. ಬಸ್ಸು ಬಂದ್ರ ನೀವು ಹೋಗ್ರಿ."

ಅರ್ಧ ತಾಸು ಕೂತಳು. ಬಂದ ಗಿರಾಕಿಗಳೆಲ್ಲ ಅವಳನ್ನು ಸುತ್ತಿ ಹೋಗಬೇಕಾಯಿತು. ಮೇಘಾ ಮುಖ ಮುಚ್ಚಿಕೊಂಡಳು. ಕೊನೆಗೆ ಪ್ರಭುರಾಜ ಬುಸುಗುಡುತ್ತ ಮೊಬೈಲು ತೆಗೆದು ಸ್ಕ್ಯಾನ್ ಮಾಡಿದ. ಈಶಪ್ಪ ಹೆಂಡತಿಯ ಕಡೆ ನೋಡಿದ ನೋಟವಿತ್ತಲ್ಲ, ಮದುವೆಯಾದ ಹೊಸದರಲ್ಲೂ ಅವನು ಹಾಗೆ ನೋಡಿರಲಿಲ್ಲ. ಬಸ್ಸಿನಲ್ಲಿ ಊರು ಬರುವ ತನಕ ಅವಳು ಖುಷಿಯಾಗಿದ್ದಳು.

ಟ್ಯಾಬು ಈಶಪ್ಪನಿಗೆ ಒಗ್ಗಿತು. ಬೆಳಿಗ್ಗೆ ಎದ್ದವನೇ ಡ್ಯಾಮಿನಲ್ಲಿ ನೀರೆಷ್ಟಿದೆ ನೋಡುತ್ತಿದ್ದ. ಆಮೇಲೆ ಪೇಪರು, ಆಮೇಲೆ ಸಿಂಧನೂರು, ಗಂಗಾವತಿ, ರಾಯಚೂರಿನ ದರ. ಹತ್ತು ಗಂಟೆಗೆ ಬರೆಯಲು ಕೂತರೆ ಊಟದ ತನಕ ಏಳುತ್ತಿರಲಿಲ್ಲ. ಬರೆದ ಪುಟವನ್ನು ಕಳಿಸುವುದನ್ನು ಮೇಘಾ ಕಲಿಸಿಕೊಟ್ಟಳು. ಮಾರುಕಟ್ಟೆಯ ಹಳೆಯ ಗೆಳೆಯರು ಇಪ್ಪತ್ತು ಜನ ಸೇರಿ ಒಂದು ಗುಂಪು ಮಾಡಿಕೊಂಡಿದ್ದರು. ಇವನು ಒಂದು ಪುಟ ಕಳಿಸಿದರೆ ಅವರಿಂದ ಹತ್ತು ಉತ್ತರ ಬರುತ್ತಿತ್ತು. ಅವನ ಮುಖಕ್ಕೆ ಕಳೆ ಬಂತು.

ಮನೆ ಮಾತ್ರ ಸುಮ್ಮಗಾಗುತ್ತ ಹೋಯಿತು. ಪಾಟಿಯ ಎರಡು ಅಕ್ಷರವನ್ನು ಗಟ್ಟಿಯಾಗಿ ಓದುತ್ತಿದ್ದ ಶಾಂಭವಿ, ಟ್ಯಾಬಿನ ಎಂಟು ಸಾಲನ್ನು ಕಣ್ಣಲ್ಲೇ ಓದಿ, "ಆತ್ರಿ ಮಾವಾರ" ಎಂದು ಹೋಗುತ್ತಿದ್ದಳು.

"ಏನಂತ?" ಎಂದು ಶಂಕ್ರಮ್ಮ ಅಡುಗೆಮನೆಯಿಂದ ಕೇಳಿದರೆ, "ಏನಿಲ್ರಿ ಅತ್ತಿ, ಹಿಂಗ" ಎನ್ನುತ್ತಿದ್ದಳು. ಅವಳಿಗೂ ಶಾಲೆಗೆ ಹೊತ್ತಾಗಿರುತ್ತಿತ್ತು.

ದೀಪಾವಳಿ ಕಳೆದ ಸೋಮವಾರ ಬಂತು, ಮಂಚ ತೆಗೆಯಲು ಯಾರೂ ಬರಲಿಲ್ಲ. ಮರುದಿನವೂ ಬರಲಿಲ್ಲ.

"ಯಾಕೋ, ಚೀಲ ತರಸಲಿಲ್ಲ?" ಎಂದು ಶಂಕ್ರಮ್ಮ ಮಗನನ್ನು ಕೇಳಿದಳು. ಬಂದರೆ ಏನೇನು ಅನ್ನಬೇಕೆಂದು ಅವಳು ಸಿದ್ಧವಾಗಿದ್ದಳು.

"ಅದು ಹೋದ ವಾರ ಮುಗದೈತಲ್ಲವ್ವ. ಅಪ್ಪ ನಾಲ್ಕು ಪೇಜ್ ಬರದು ಕಳಿಸಿದ್ದ. ನಾನೂ ಅಂಗಡಿಯಿಂದ ಬರದೆ. ಭಾಳ ಜಗಳ ಆತು. ಕಡೀಕ ನಾ ಬ್ಯಾರೆ ಗೋದಾಮ್ ನೋಡಿದೆ."

"ಯಾವಾಗ ಜಗಳಾಡಿದ್ರಿ?"

"ಬುಧವಾರ. ನೀನೂ ಇಲ್ಲೆ ಇದ್ದೆಲ್ಲ."

ಇದ್ದಳು, ಹೌದು. ಬುಧವಾರ ಅವಳು ಗಂಡನ ಪಕ್ಕದಲ್ಲೇ ಕೂತು ಮೆಂತ್ಯೆಪಲ್ಲೆ ಸೋಸಿದ್ದಳು. ತನ್ನ ಮನೆಯ ಜಗಳ ತನಗೇ ಕೇಳಿಸದೆ ಮುಗಿದುಹೋಗಿತ್ತು. ಗಂಡ ಗೆದ್ದಿದ್ದಕ್ಕೆ ಅವಳಿಗೆ ಸಂತೋಷವಾಗಬೇಕಿತ್ತು.

ಅಂಕಿ ಬರೆದು ತೋರಿಸುವುದನ್ನು ಈಶಪ್ಪ ಯಾವತ್ತು ಬಿಟ್ಟನೋ ಅವಳಿಗೆ ನೆನಪಿಲ್ಲ. ಮಾರುಕಟ್ಟೆಗೆ ನಡೆದುಹೋಗುವ ಅಗತ್ಯವೇ ಈಗ ಅವನಿಗಿರಲಿಲ್ಲ. ಚಾ ತಂದರೆ ತಲೆ ಎತ್ತದೆ ಕೈ ಚಾಚುತ್ತಿದ್ದ. ಗಂಟಲಿನ ತೂತಿನಿಂದಾಗಿ ಅವನಿಗೆ ಬಾಯಿಂದ ಊದಿ ಚಾ ಆರಿಸಲು ಬರುವುದಿಲ್ಲ. ಶಂಕ್ರಮ್ಮನೇ ಬಸಿಗೂ ಕಪ್ಪಿಗೂ ನಾಲ್ಕು ಸಲ ಸುರಿದು ಆರಿಸಿ ಕೊಡುತ್ತಿದ್ದಳು. "ಬಿಸಿ ಐತೇನ್ರಿ?" ಎಂದು ಕೇಳುತ್ತಿದ್ದಳು. ಅವನ ಕಣ್ಣು ಗಾಜಿನ ಮೇಲೆ ಇರುತ್ತಿತ್ತು.

ಒಂದು ಭಾನುವಾರ ಅವನು ಸ್ನಾನಕ್ಕೆ ಹೋದಾಗ ಶಂಕ್ರಮ್ಮ ಮೇಘಾಳನ್ನು ಕರೆದಳು. "ನಿಮ್ಮಜ್ಜ ದಿನಾ ಏನ್ ಬರೀತಾನ? ಒಂಚೂರು ಓದಿ ಹೇಳು ಬಾ."

ಮೇಘಾ ಟ್ಯಾಬು ತೆಗೆದು ಓದಿದಳು. ಮಳೆ ಬಂದ ಒಂದು ದಿನ ತಾಡಪತ್ರಿಯ ಕೆಳಗೆ ನಿಂತು ಸವಾಲು ಕೂಗಿದ್ದು. ಮೋಡದ ಕತ್ತಲಲ್ಲಿ ಒಬ್ಬ ರೈತ ತನ್ನ ರಾಶಿಗೆ ತಾನೇ ದರ ಏರಿಸುತ್ತ ಹೋಗಿ ಕೊನೆಗೆ ತಾನೇ ಕೊಂಡುಕೊಂಡಿದ್ದು.

"ಇದು ನನಗ ಗೊತ್ತೈತಿ," ಎಂದಳು ಶಂಕ್ರಮ್ಮ. "ಅವತ್ತು ತೊಯ್ಸಕೊಂಡು ಬಂದು ಮೊದಲು ನನಗ ಹೇಳಿದ್ದು. ನಕ್ಕು ನಕ್ಕು ರೊಟ್ಟಿ ಸುಟ್ಟಿದ್ದೆ. ಅದನ್ನ ಬರದಾನೇನು?"

ಮೇಘಾ ಕೆಳಗೆ ಸರಿಸಿ ನೋಡಿದಳು. "ಇಲ್ಲ ಅಜ್ಜಿ."

"ಎಷ್ಟು ಬರದಾನ ಒಟ್ಟ?"

"ನೂರಾ ಹತ್ತು ಪೇಜ್ ಅದಾವ."

"ನನ್ನ ಸುದ್ದಿ ಎಲ್ಲೆರ ಐತೇನು ನೋಡು."

ಮೇಘಾ ಬೆರಳಿನಿಂದ ಪುಟ ಸರಿಸುತ್ತ ಹೋದಳು, ಸರಿಸುತ್ತಲೇ ಹೋದಳು. ಬಚ್ಚಲಿನ ಚಿಲಕದ ಸದ್ದು ಕೇಳಿತು. "ಎಲ್ಲಾ ಮಾರ್ಕೆಟ್ಟಿಂದ ಐತಿ ಅಜ್ಜಿ," ಎಂದು ಹೇಳಿ, ಟ್ಯಾಬು ಇದ್ದಲ್ಲೇ ಇಟ್ಟು ಹೋದಳು.

ಅತ್ತೆಯ ಮುಖ ಬಾಡಿದ್ದನ್ನು ಶಾಂಭವಿ ಗಮನಿಸಿದಳು. ಅವಳು ಒಳ್ಳೆಯವಳು. ಸಂಜೆ ರೊಟ್ಟಿಗೆ ಹಿಟ್ಟು ನಾದುತ್ತ ಹೇಳಿದಳು: "ಅತ್ತಿ, ನಾ ದಿನಾ ಎರಡೆರಡು ಅಕ್ಷರ ಕಲಿಸ್ತೀನ್ರಿ. ಆರು ತಿಂಗಳಿನ್ಯಾಗ ನೀವ ಓದ್ತೀರಿ."

"ನನಗ ಓದೂದು ಬೇಕಾಗಿಲ್ಲವಾ," ಎಂದಳು ಶಂಕ್ರಮ್ಮ. "ನನಗ ಕೇಳೂದು ಬೇಕಾಗೇತಿ."

ಶಾಂಭವಿ ಎರಡು ಸಂಜೆ ಮಾವನ ಪುಟಗಳನ್ನು ತಾನೇ ಓದಿ ಹೇಳಿದಳು. ತರಗತಿಯಲ್ಲಿ ಓದಿದಂತೆ ಸ್ಪಷ್ಟವಾಗಿ ಓದಿದಳು. "ಆಮ್ಯಾಲೆ ಆ ಮನಿಷಾ ಏನಂದ?" ಎಂದು ಶಂಕ್ರಮ್ಮ ಕೇಳಿದರೆ, "ಅಷ್ಟ ಬರದಾರ್ರಿ ಅತ್ತಿ" ಎನ್ನಬೇಕಾಗುತ್ತಿತ್ತು. ಮೂರನೆಯ ದಿನ ಶಾಲೆಯ ಉತ್ತರಪತ್ರಿಕೆಗಳ ಕಟ್ಟು ಬಂತು. ಶಂಕ್ರಮ್ಮನೂ ಮತ್ತೆ ಕರೆಯಲಿಲ್ಲ.

ಮಾರ್ಗಶಿರದಲ್ಲಿ ಒಂದು ಮಧ್ಯಾಹ್ನ ಅವಳು ಮಾಡಬಾರದ ಕೆಲಸ ಮಾಡಿದಳು. ಈಶಪ್ಪ ಹಿತ್ತಲಿಗೆ ಹೋದಾಗ ಟ್ಯಾಬನ್ನು ಎತ್ತಿ, ಪೆಟ್ಟಿಗೆಯ ಮೇಲೆ ಮಡಿಚಿಟ್ಟ ಕೌದಿಗಳ ನಡುವೆ ತುರುಕಿದಳು. ಅಡುಗೆಮನೆಯ ಬಾಗಿಲ ಹತ್ತಿರ ಅವನ ಮಣೆ ಹಾಕಿದಳು, ತಟ್ಟೆ ಇಟ್ಟಳು. ಈಗ ಬಂದು ಇಲ್ಲಿ ಕೂಡುತ್ತಾನೆ. ತಾನು ಕೇಳುವುದು, ಅವನು ತಲೆಯಾಡಿಸುವುದು. ಅಷ್ಟೇ ಅವಳ ಲೆಕ್ಕವಾಗಿತ್ತು.

ಈಶಪ್ಪ ಮಂಚದ ಮೇಲೆ ನೋಡಿದ, ಕೆಳಗೆ ನೋಡಿದ. ಅಡುಗೆಮನೆಗೆ ಬಂದು ಎರಡೂ ಕೈಯಲ್ಲಿ ಗಾಳಿಯೊಳಗೆ ಚೌಕ ಬರೆದು ತೋರಿಸಿದ.

"ನನಗೇನ್ ಗೊತ್ತ್ರಿ? ಊಟಕ್ಕ ಕೂಡ್ರಿ. ಹಿಂಡಿಪಲ್ಲೆ ಮಾಡೀನಿ."

ಅವನು ಕೂಡಲಿಲ್ಲ. ದಿಂಬು ಎಸೆದ, ಪೇಪರಿನ ಕಟ್ಟು ಕೆದರಿದ, ಬೀದಿಬಾಗಿಲಿಗೆ ಓಡಿ ಆಚೆ ಈಚೆ ನೋಡಿದ. ಯಾರೋ ಕದ್ದರು ಎಂದುಕೊಂಡಿರಬೇಕು. ಹೊಸ್ತಿಲ ಮೇಲೆ ನಿಂತು, ಮಾರುಕಟ್ಟೆಯಲ್ಲಿ ನಿಲ್ಲುತ್ತಿದ್ದ ಹಾಗೆ ಎದೆ ಸೆಟೆಸಿ, ಬಾಯಿ ಪೂರ್ತಿ ತೆರೆದು ಕೂಗಿದ. ಕುತ್ತಿಗೆಯ ನರಗಳು ಉಬ್ಬಿದವು. ಬಿಳಿ ಅರಿವೆಯ ಕೆಳಗಿನಿಂದ ಬರೀ ಗಾಳಿ ಬಂತು. ಬೀದಿಯಲ್ಲಿ ಹೋಗುತ್ತಿದ್ದ ನೆರೆಮನೆಯ ಹುಲಿಗವ್ವ ಕೊಡ ಹೊತ್ತುಕೊಂಡು ತಿರುಗಿಯೂ ನೋಡದೆ ಹೋದಳು.

ಶಂಕ್ರಮ್ಮನಿಗೆ ನೋಡಲಾಗಲಿಲ್ಲ. ಓಡಿಹೋಗಿ ಕೌದಿ ಎಳೆದು ಕೆಡವಿ ಟ್ಯಾಬು ತಂದಳು. "ತಗೋರಿ, ತಗೋರಿ. ನಾನ ಇಟ್ಟಿದ್ದೆ. ತಪ್ಪಾತು."

ಅವನು ಅದನ್ನು ಎದೆಗೆ ಒತ್ತಿಕೊಂಡು ಮಂಚದ ಮೇಲೆ ಕೂತ. ಉಸಿರು ಸ್ಥಿಮಿತಕ್ಕೆ ಬರಲು ಬಹಳ ಹೊತ್ತು ಹಿಡಿಯಿತು. ಯಾಕೆ ಇಟ್ಟೆ ಎಂದು ಕಣ್ಣಿನಿಂದಲೂ ಕೇಳಲಿಲ್ಲ. ಶಂಕ್ರಮ್ಮ ಅವನ ತಟ್ಟೆಯನ್ನು ಮಂಚಕ್ಕೇ ತಂದಿಟ್ಟಳು, ತಾನು ಒಲೆಯ ಮುಂದೆ ಒಬ್ಬಳೇ ಕೂತು ಉಂಡಳು. ಅವತ್ತಿನಿಂದ ಅವನ ಊಟ ಮಂಚದ ಮೇಲೆಯೇ ನಡೆಯಿತು.

ಸಂಕ್ರಾಂತಿ ಕಳೆದು ಹತ್ತು ದಿನವಾಗಿತ್ತು. ಮಧ್ಯಾಹ್ನ ಮೂರರ ಹೊತ್ತು. ಶಂಕ್ರಮ್ಮ ಪಡಸಾಲೆಯ ನೆಲದ ಮೇಲೆ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದಳು. ಮಂಚದ ಮೇಲೆ ಈಶಪ್ಪ ಏನೋ ಓದುತ್ತಿದ್ದವನು ಭುಜ ಕುಣಿಸತೊಡಗಿದ. ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದ.

"ಏನ್ರಿ? ಏನಾತು?" ಎಂದಳು ಅವಳು. ಕೇಳುವ ರೂಢಿ ಬಿಟ್ಟು ದಿನಗಳಾಗಿದ್ದವು. ಬಾಯಿ ತಪ್ಪಿ ಬಂದ ಮಾತು.

ಈಶಪ್ಪ ತಲೆ ಎತ್ತಿದ. ಮಂಚದ ಮೇಲೆ ಸರಿದು ಜಾಗ ಮಾಡಿ, ಪಕ್ಕಕ್ಕೆ ತಟ್ಟಿ ಬಾ ಎಂದು ಕರೆದ. ಶಂಕ್ರಮ್ಮ ಮೊರ ಅಲ್ಲೇ ಇಟ್ಟಳು. ಸೀರೆಗೆ ಕೈ ಒರೆಸಿಕೊಂಡು ಹೋಗಿ ಕೂತಳು. ಹೊಸ ಸೊಸೆಯ ಹಾಗೆ ಸೆರಗು ಸರಿಮಾಡಿಕೊಂಡಳು. ಅವನು ಟ್ಯಾಬನ್ನು ಅವಳ ಕಡೆ ತಿರುಗಿಸಿದ. ಪುಟದ ತುಂಬ ಅಕ್ಷರಗಳು.

ಅವಳು ಪುಟ ನೋಡಿದಳು, ಅವನ ಮುಖ ನೋಡಿದಳು. ಈಗ ನೆನಪಾಗುತ್ತದೆ, ಹಣೆ ಬಡಿದುಕೊಂಡು ಕೈಸನ್ನೆಯಲ್ಲಿ ಹೇಳುತ್ತಾನೆ ಎಂದು ಕಾದಳು. ಅವನು ಪೆನ್ನಿನ ತುದಿಯಿಂದ ಮೂರನೆಯ ಸಾಲು ತೋರಿಸಿದ, ಇದನ್ನು ಓದು ಎಂಬಂತೆ. ಬರೆದದ್ದೆಂದರೆ ಅವನಿಗೆ ಈಗ ಬಾಯಿಂದ ಆಡಿದಂತೆಯೇ. ನಲವತ್ತು ವರ್ಷ ಸಂಸಾರ ಮಾಡಿದವಳಿಗೆ ಅಕ್ಷರ ಬರುವುದಿಲ್ಲ ಎಂಬುದು ಅವನಿಗೆ ಮರೆತೇಹೋಗಿತ್ತು.

ನನಗ ಓದಾಕ ಬರಂಗಿಲ್ಲಲ್ರಿ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂತು. ಅವನು ಅವಳ ಮುಖವನ್ನೇ ನೋಡುತ್ತಿದ್ದ. ಮಾರುಕಟ್ಟೆಯಿಂದ ಬಂದು, ಕಾಲು ತೊಳೆದು, ಹೇಳಲು ಬಾಯಿ ತೆರೆಯುವ ಮೊದಲು ಅವನ ಮುಖ ಹೀಗೇ ಇರುತ್ತಿತ್ತು. ಈಗ ಬಾಯಿ ಬಿಟ್ಟರೆ ಅವನು ನಾಚಿಕೊಳ್ಳುತ್ತಾನೆ. ಟ್ಯಾಬು ಆಚೆ ಹೋಗುತ್ತದೆ, ತಾನು ನೆಲಕ್ಕಿಳಿಯಬೇಕಾಗುತ್ತದೆ.

ಅವಳು ಪೆನ್ನಿನ ತುದಿಯ ಹಿಂದೆ ಕಣ್ಣು ಹಾಯಿಸಿದಳು. ಓದುವವರಿಗೆ ಎಷ್ಟು ಹೊತ್ತು ಹಿಡಿಯುತ್ತದೋ ಅಷ್ಟು ಹೊತ್ತು ಹಾಯಿಸಿದಳು. ಆಮೇಲೆ ಸೆರಗು ಬಾಯಿಗೆ ಹಿಡಿದು ನಕ್ಕಳು.

"ಆ ಮನಿಷಾ ಇರೂದ ಹಂಗ ಬಿಡ್ರಿ," ಎಂದಳು.

ಈಶಪ್ಪ ತೊಡೆ ತಟ್ಟಿಕೊಂಡು, ಹೌದು ಹೌದು ಎಂದು ತಲೆಯಾಡಿಸಿದ. ಖುಷಿಯಿಂದ ಮುಂದಿನ ಪುಟ ತೆಗೆದ. ಅದು ಮೇಲಿನಿಂದ ಕೆಳಗಿನವರೆಗೆ ತುಂಬಿತ್ತು. ಟ್ಯಾಬನ್ನು ಅವಳ ಎರಡೂ ಕೈಗೆ ಕೊಟ್ಟು, ಅವಳು ಓದಿ ಮುಗಿಸುವುದನ್ನೇ ಕಾಯುತ್ತ ಕೂತ.